ಎತ್ತರದ ಮನೆ, ಕೆಳಗಿನ ಬಾವಿ



ಮಂಗಳೂರಿನ ಒಂದು ಮದ್ರಸದಲ್ಲಿ ನಾನು ಪಾಠ ಮಾಡುತ್ತೇನೆ. ಕಳೆದ ಮಳೆಗಾಲದ ಒಂದು ಬೆಳಗ್ಗೆ ಇಮಾಮ್ ನವವಿ(ರ)ಯವರು ಸಂಗ್ರಹಿಸಿದ ನಲ್ವತ್ತು ಹದೀಸ್‌ಗಳ ಪೈಕಿ ಎರಡನೆಯದನ್ನು ಕಲಿಸುತ್ತಿದ್ದೆ. ಜಿಬ್ರೀಲ್(ಅ)ರು ಮನುಷ್ಯ ರೂಪದಲ್ಲಿ ಬಂದು ಪ್ರವಾದಿ(ಸ)ಯವರಲ್ಲಿ ಇಸ್ಲಾಮ್, ಈಮಾನ್ ಮತ್ತು ಇಹ್ಸಾನ್‌ಗಳ ಬಗ್ಗೆ ಪ್ರಶ್ನಿಸಿದ ಆ ಪ್ರಸಿದ್ಧ ಹದೀಸ್ ತಮಗೆಲ್ಲ ತಿಳಿದೇ ಇದೆ. ಅದರ ಕೊನೆಯಲ್ಲಿ ಅಂತ್ಯದಿನದ ಕುರುಹುಗಳ ಪ್ರಸ್ತಾಪವಿದೆ. ಕಾಲಿಗೆ ಚಪ್ಪಲಿಯಿಲ್ಲದ, ಮೈಗೆ ಬಟ್ಟೆಯಿಲ್ಲದ ಬಡ ಕುರಿಗಾಹಿಗಳು ಎತ್ತರದ ಕಟ್ಟಡ ಕಟ್ಟುವುದರಲ್ಲಿ ಒಬ್ಬರೊಡನೊಬ್ಬರು ಪೈಪೋಟಿಗಿಳಿಯುವರೆಂಬುದು ಆ ಕುರುಹುಗಳಲ್ಲೊಂದು.

ಪಾಠ ಮುಗಿದು ಮಕ್ಕಳೆಲ್ಲ ಎದ್ದರು. ಒಬ್ಬ ಹುಡುಗ ಮಾತ್ರ ಕುಳಿತೇ ಇದ್ದ.

"ಉಸ್ತಾದ್, ನಮ್ಮ ಮನೆ ಹನ್ನೊಂದನೆಯ ಮಾಳಿಗೆಯಲ್ಲಿ ಉಂಟು. ಅದರ ಸಾಲ ತೀರಿಸಲಿಕ್ಕೆ ಉಪ್ಪ ಈಗಲೂ ದುಬೈಯಲ್ಲೇ ಇದ್ದಾರೆ. ನಾವು ಮಾಡಿದ್ದು ತಪ್ಪಾ?"

ನನ್ನ ಬಳಿ ಸಿದ್ಧ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆಂದು ಕಳುಹಿಸಿದೆ. ಆ 'ನಾಳೆ' ಬರಲು ಹಲವು ತಿಂಗಳುಗಳೇ ಹಿಡಿದವು. ಆ ಹುಡುಗನಿಗೆ ಕೊನೆಗೆ ಏನು ಹೇಳಿದೆನೆಂಬುದನ್ನು ತಮ್ಮ ಮುಂದೆಯೂ ಇಡುತ್ತಿದ್ದೇನೆ. ಏಕೆಂದರೆ ಈ ಪ್ರಶ್ನೆ ಅವನೊಬ್ಬನದಲ್ಲ.

ನಮ್ಮ ಊರನ್ನೇ ನೋಡಿರಿ. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅಂದಿನಿಂದ ಮಂಗಳೂರಿನ ಹೆಂಚು ಹಡಗು ಹತ್ತಿ ದೂರ ದೇಶಗಳನ್ನು ಕಂಡಿತು. ಊರಿನ ಮನೆಗಳಿಗೂ ಅದೇ ಹೆಂಚಿನ ಮಾಡು, ಮುರಕಲ್ಲಿನ ಗೋಡೆ, ಹಿತ್ತಿಲಲ್ಲೊಂದು ಬಾವಿ, ನಾಲ್ಕು ತೆಂಗಿನ ಮರ. ಇಂದು ಕದ್ರಿ, ಬಿಜೈ, ಬೆಂದೂರು, ಫಳ್ನೀರ್, ಅತ್ತಾವರ, ಎತ್ತ ಕಣ್ಣು ಹಾಯಿಸಿದರೂ ತೆಂಗಿನ ಮರವನ್ನು ಎಂದೋ ಮೀರಿ ನಿಂತ ಕಟ್ಟಡಗಳು. 2011ರ ಜನಗಣತಿಯಲ್ಲಿ ಐದು ಲಕ್ಷದ ಆಸುಪಾಸಿನಲ್ಲಿದ್ದ ಈ ಮಧ್ಯಮ ಗಾತ್ರದ ನಗರದಲ್ಲಿ ಮೂವತ್ತು ಮಾಳಿಗೆ ದಾಟಿದ ಕಟ್ಟಡವೂ ಇದೆ. ಈ ಎತ್ತರದ ಹಿಂದೆ ಗಲ್ಫಿನಲ್ಲಿ ದುಡಿದ ನಮ್ಮ ಎಷ್ಟೋ ಸಹೋದರರ ಬೆವರಿದೆ.

ಎತ್ತರವೇ ಪಾಪವೇ?

ಮೊದಲು ಒಂದು ತಪ್ಪು ತಿಳುವಳಿಕೆಯನ್ನು ಸರಿಪಡಿಸಿಕೊಳ್ಳೋಣ. ಅಂತ್ಯದಿನದ ಕುರುಹೆಂದು ಹೇಳಿದ ಮಾತ್ರಕ್ಕೆ ಒಂದು ವಿಷಯ ಹರಾಮ್ ಆಗುವುದಿಲ್ಲ. ಇದನ್ನು ಸ್ಪಷ್ಟಪಡಿಸಿದವರು ಸ್ವತಃ ಇಮಾಮ್ ನವವಿ(ರ). ಕುರಿಗಾಹಿಗಳು ಎತ್ತರದ ಮನೆ ಕಟ್ಟುವುದಾಗಲಿ, ಜನರಲ್ಲಿ ಸಂಪತ್ತು ಹೆಚ್ಚುವುದಾಗಲಿ ನಿಷಿದ್ಧವಲ್ಲವೆಂದು ಅವರು ಸಹೀಹ್ ಮುಸ್ಲಿಮ್‌ನ ವ್ಯಾಖ್ಯಾನದಲ್ಲಿ ಬರೆದಿದ್ದಾರೆ. ಬಡವನ ಮಗ ಒಳ್ಳೆಯ ಮನೆ ಕಟ್ಟಿದರೆ ಅದು ಅಲ್ಲಾಹನ ಅನುಗ್ರಹ.

ಹಾಗಾದರೆ ಆ ಮಾತಿನಲ್ಲಿರುವ ಎಚ್ಚರಿಕೆ ಯಾವುದು? ಹದೀಸ್‌ನಲ್ಲಿ ಬಂದಿರುವ 'ಯತತಾವಲೂನ' ಎಂಬ ಪದವನ್ನು ಗಮನಿಸಿರಿ. ಎತ್ತರವಾಗಿ ಕಟ್ಟುವುದು ಎಂದಷ್ಟೇ ಇದರ ಅರ್ಥವಲ್ಲ. ಅರಬಿ ವ್ಯಾಕರಣದಂತೆ ಕ್ರಿಯಾಪದದ ಈ ರೂಪದಲ್ಲಿ 'ಪರಸ್ಪರ' ಎಂಬ ಭಾವವಿದೆ. ಒಬ್ಬನು ಇನ್ನೊಬ್ಬನನ್ನು ನೋಡಿ ಅವನಿಗಿಂತ ಎತ್ತರಕ್ಕೆ ಹೋಗಲು ಹವಣಿಸುವುದು ಎಂದರ್ಥ. ಅಂದರೆ ರೋಗವಿರುವುದು ಮಾಳಿಗೆಗಳ ಸಂಖ್ಯೆಯಲ್ಲಲ್ಲ, ಪಕ್ಕದವನನ್ನು ಮೀರಬೇಕೆಂಬ ಮನಸ್ಸಿನಲ್ಲಿ. ಅಂಥ ಮನಸ್ಸು ಒಂದೇ ಅಂತಸ್ತಿನ ಮನೆಯಲ್ಲೂ ವಾಸಿಸಬಲ್ಲದು.

ಸೂರಃ ಅಶ್ಶುಅರಾದಲ್ಲಿ ಹೂದ್(ಅ)ರು ತಮ್ಮ ಆದ್ ಜನಾಂಗವನ್ನು ಎಚ್ಚರಿಸುವ ಸಂದರ್ಭವನ್ನು ಓದಿ ನೋಡಿರಿ. ಅವರ ಮೇಲೆ ಮೂರು ಆಕ್ಷೇಪಗಳು ಒಂದರ ಹಿಂದೊಂದು ಬರುತ್ತವೆ. ಎತ್ತರದ ಸ್ಥಳಗಳಲ್ಲೆಲ್ಲ ವ್ಯರ್ಥವಾಗಿ ಸ್ಮಾರಕ ನಿಲ್ಲಿಸುವುದು, ಎಂದೆಂದೂ ಇಲ್ಲೇ ಬದುಕುವವರಂತೆ ಭವ್ಯ ಸೌಧಗಳನ್ನು ಕಟ್ಟುವುದು ಮತ್ತು ಇತರರ ಮೇಲೆ ಕೈಮಾಡುವಾಗ ನಿರ್ದಯಿಗಳಾಗಿ ಎರಗುವುದು. ಕಟ್ಟಡದ ಮಾತು ದೌರ್ಜನ್ಯದ ಮಾತಿನಲ್ಲಿ ಕೊನೆಗೊಂಡಿತೆಂಬುದನ್ನು ಗಮನಿಸಿದಿರಾ? ಪ್ರತಿಷ್ಠೆಗಾಗಿ ಮೇಲೆ ನೋಡುತ್ತಲೇ ಇರುವವನಿಗೆ ತನ್ನ ಕಾಲಡಿಯಲ್ಲಿ ಯಾರಿದ್ದಾರೆಂಬುದು ಕಾಣುವುದಿಲ್ಲ.

ಇನ್ನೊಂದು ಮುಖವನ್ನೂ ನ್ಯಾಯವಾಗಿ ಹೇಳಬೇಕು. ಊರು ಮೇಲಕ್ಕೆ ಬೆಳೆಯದಿದ್ದರೆ ಅಡ್ಡಕ್ಕೆ ಬೆಳೆಯುತ್ತದೆ. ಆಗ ಗದ್ದೆ ತುಂಬಿಸಬೇಕು, ಗುಡ್ಡ ಕಡಿಯಬೇಕು, ತೆಂಗಿನ ತೋಟ ಉರುಳಿಸಬೇಕು. ಹತ್ತು ಮನೆಗಳ ಜಾಗದಲ್ಲಿ ನಲ್ವತ್ತು ಕುಟುಂಬಗಳಿಗೆ ನೆಲೆ ಸಿಗುವುದಾದರೆ ಅದು ಭೂಮಿಯ ಮೇಲೆ ತೋರುವ ಕರುಣೆಯೂ ಆಗಬಹುದು. ಆದರೆ ಇಶಾ ನಮಾಝ್ ಮುಗಿಸಿ ಹೊರಬಂದಾಗ ಒಮ್ಮೆ ಆ ಕಟ್ಟಡಗಳತ್ತ ತಲೆಯೆತ್ತಿ ನೋಡಿರಿ. ಎಷ್ಟು ಕಿಟಕಿಗಳಲ್ಲಿ ದೀಪವಿದೆ? ಬೆಲೆ ಏರಲಿ ಎಂದು ಕೊಂಡು ಬೀಗ ಜಡಿದಿಟ್ಟ ಫ್ಲಾಟ್‌ಗಳು ಯಾವ ಕುಟುಂಬಕ್ಕೆ ನೆಲೆಯಾದವು?

ಪಕ್ಕದವರ ಹಕ್ಕು

ಎತ್ತರದ ಮನೆಯ ಪ್ರಶ್ನೆ ಮುಸ್ಲಿಮರಿಗೆ ಹೊಸತಲ್ಲ. ಹ. ಉಮರ್(ರ)ರ ಆಡಳಿತ ಕಾಲದಲ್ಲಿ ಈಜಿಪ್ಟಿನಲ್ಲಿ ಫುಸ್ತಾತ್ ಎಂಬ ಹೊಸ ನಗರ ಎದ್ದಿತು. ಅಲ್ಲಿ ಮೊದಲು ಮಾಳಿಗೆಯ ಕೋಣೆ ಕಟ್ಟಿದವರು ಖಾರಿಜಾ ಬಿನ್ ಹುದಾಫಾ(ರ). ಸುದ್ದಿ ಮದೀನಾ ತಲುಪಿತು. ಇತಿಹಾಸಕಾರ ಇಬ್ನ್ ಅಬ್ದುಲ್ ಹಕಮ್ ಕೊಡುವ ಒಂದು ವರದಿಯಂತೆ, ಹ. ಉಮರ್(ರ) ಈಜಿಪ್ಟಿನ ರಾಜ್ಯಪಾಲ ಅಮ್ರ್ ಬಿನ್ ಆಸ್(ರ)ರಿಗೆ ಒಂದು ಪರೀಕ್ಷೆ ನಡೆಸುವಂತೆ ಬರೆದರು. ಆ ಕೋಣೆಯಲ್ಲಿ ಒಂದು ಮಂಚವಿಟ್ಟು, ಅದರ ಮೇಲೆ ಎತ್ತರವೂ ಅಲ್ಲದ ಗಿಡ್ಡನೂ ಅಲ್ಲದ ಒಬ್ಬನನ್ನು ನಿಲ್ಲಿಸಬೇಕು. ಕಿಟಕಿಯ ಮೂಲಕ ಅವನಿಗೆ ಹೊರಗೆ ಕಾಣುವುದಾದರೆ ಕೋಣೆಯನ್ನು ಕೆಡವಬೇಕು. ನೋಡಿದಾಗ ಅವನಿಗೆ ಕಿಟಕಿ ಎಟುಕಲಿಲ್ಲ. ಕೋಣೆ ಉಳಿಯಿತು.

ಖಲೀಫರು ಅಳೆದದ್ದು ಏನನ್ನು? ಗೋಡೆಯ ಎತ್ತರವನ್ನಲ್ಲ. ಪಕ್ಕದ ಮನೆಯವರ ಮಾನವನ್ನು.

ಅದೇ ಫುಸ್ತಾತ್‌ಗೆ ಹನ್ನೊಂದನೆಯ ಶತಮಾನದಲ್ಲಿ ಪಾರಸಿ ಯಾತ್ರಿಕ ನಾಸಿರ್ ಖುಸ್ರೌ ಬಂದರು. ಏಳು ಮಾಳಿಗೆಯ, ಹದಿನಾಲ್ಕು ಮಾಳಿಗೆಯ ಮನೆಗಳ ಬಗ್ಗೆ ಅವರು ಬರೆದಿಟ್ಟಿದ್ದಾರೆ. ಒಬ್ಬಾತ ಏಳು ಮಾಳಿಗೆಯ ಮೇಲೆ ತೋಟ ಮಾಡಿ, ಕರುವೊಂದನ್ನು ಮೇಲೇರಿಸಿ ಅಲ್ಲೇ ಸಾಕಿ, ಅದು ಎತ್ತಾದ ಮೇಲೆ ಅದರಿಂದ ನೀರಿನ ಚಕ್ರ ತಿರುಗಿಸುತ್ತಿದ್ದನಂತೆ! ಕಟ್ಟಡಗಳು ಬೆಳೆದರೂ ಖಲೀಫರ ಪ್ರಶ್ನೆ ಹಳತಾಗಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಉಸ್ಮಾನಿಯಾ ಸರಕಾರ ಹನಫಿ ಫಿಕ್‌ಹ್‌ನ ಆಧಾರದಲ್ಲಿ 'ಮಜಲ್ಲಾ' ಎಂಬ ಕಾನೂನು ಸಂಹಿತೆ ರಚಿಸಿದಾಗಲೂ ಅದು ಅಲ್ಲಿತ್ತು. ಪಕ್ಕದ ಮನೆಯ ಬೆಳಕನ್ನು ಪೂರ್ತಿ ತಡೆಯುವುದು, ಅಡುಗೆಮನೆ, ಬಾವಿಕಟ್ಟೆ, ಅಂಗಳಗಳಂತಹ ಹೆಂಗಸರು ಓಡಾಡುವ ಜಾಗಗಳಿಗೆ ದೃಷ್ಟಿ ಬೀಳುವಂತೆ ಕಟ್ಟುವುದು ಇವೆರಡನ್ನೂ ಅದು ಮಿತಿಮೀರಿದ ಹಾನಿಯೆಂದು ಪರಿಗಣಿಸಿತು.

ಇನ್ನೊಂದು ವಿಷಯ ನನ್ನ ಮನಸ್ಸನ್ನು ತಟ್ಟಿತು. ನೆರೆಯವರ ಹಕ್ಕಿನ ಬಗ್ಗೆ ಪ್ರವಾದಿ(ಸ)ಯವರಿಗೆ ಮತ್ತೆ ಮತ್ತೆ ಉಪದೇಶಿಸುತ್ತಿದ್ದವರೂ ಇದೇ ಜಿಬ್ರೀಲ್(ಅ). ಎಷ್ಟರ ಮಟ್ಟಿಗೆಂದರೆ, ನೆರೆಯವನಿಗೆ ಆಸ್ತಿಯಲ್ಲೇ ಪಾಲು ಬರಬಹುದೇನೋ ಎಂದು ಪ್ರವಾದಿ(ಸ)ಯವರಿಗೆ ಅನಿಸಿತ್ತು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಈ ಹದೀಸ್ ಇದೆ. ನೆರೆಯವನ ಧರ್ಮ ಯಾವುದೆಂಬ ಷರತ್ತನ್ನು ಅದರಲ್ಲಿ ಹಾಕಲಾಗಿಲ್ಲ.

ನನ್ನ ಮನೆಯ ಮಾತು

ಇಷ್ಟೆಲ್ಲ ಹೇಳುವ ನಾನು ಪರಿಶುದ್ಧನೇ? ನಮ್ಮ ಹೆಂಚಿನ ಮನೆ ಇರುವುದು ಹದಿನಾರು ಸೆಂಟ್ಸ್ ಜಾಗದಲ್ಲಿ. ಒಬ್ಬ ಬಿಲ್ಡರ್ ಜಾಯಿಂಟ್ ವೆಂಚರ್‌ಗೆ ಕೇಳಿದಾಗ ಗಲ್ಫಿನಲ್ಲಿರುವ ನನ್ನ ಅಣ್ಣ ಕೂಡಲೇ ಒಪ್ಪಿದರು. ನಾನೂ ಸಂತೋಷಪಟ್ಟೆ. ನಾನು ಕೇಳಿದ್ದು ಮೂರೇ ಪ್ರಶ್ನೆ. ನಮಗೆ ಎಷ್ಟು ಫ್ಲಾಟ್? ಎಷ್ಟು ಚದರಡಿ? ಕೀಲಿಕೈ ಯಾವಾಗ?

ಗೋಡೆಯಾಚೆ ಒಬ್ಬ ವೃದ್ಧೆ ಒಂಟಿಯಾಗಿದ್ದಾರೆ. ಕ್ರೈಸ್ತ ಮಹಿಳೆ. ನಾವು ಬಾಯಮ್ಮ ಎನ್ನುತ್ತೇವೆ. ಅವರ ಬಾವಿ ನಮ್ಮ ಗೋಡೆಗೆ ಹತ್ತಿರದಲ್ಲೇ ಇದೆ. ಎರಡು ಅಂತಸ್ತು ನೆಲಮಾಳಿಗೆಗಾಗಿ ಆಳಕ್ಕೆ ಅಗೆದು, ಒಸರುವ ನೀರನ್ನು ಪಂಪ್ ಹಚ್ಚಿ ಹೊರಹಾಕಿದರೆ ಆ ಬಾವಿಯ ಗತಿಯೇನು? ಹುಡುಗನ ಪ್ರಶ್ನೆ ಬರುವ ತನಕ ಅದು ನನಗೆ ಹೊಳೆದೇ ಇರಲಿಲ್ಲ. ಒಂದು ಸಂಜೆ ನಾಚಿಕೆಯಿಂದಲೇ ಹೋಗಿ ಕೇಳಿದೆ. ಅವರು ಬೈಯಲಿಲ್ಲ.

"2016ರ ಬೇಸಗೆಯಲ್ಲಿ ತುಂಬೆಯ ನೀರು ಬತ್ತಿ ನಳ್ಳಿ ನಿಂತಿತ್ತಲ್ಲ ಮಗಾ, ನಿನ್ನ ಉಮ್ಮ ಈ ಬಾವಿಯಿಂದ ಎಷ್ಟು ಕೊಡ ಸೇದಿದ್ದರು, ನೆನಪುಂಟಾ?" ಎಂದಷ್ಟೇ ಹೇಳಿದರು.

ನೆನಪಿತ್ತು. 2019ರ ಬೇಸಗೆಯಲ್ಲೂ ಸೇದಿದ್ದೆವು. ನಮ್ಮ ಬಾವಿಯನ್ನು ನಾವು ಎಂದೋ ಮುಚ್ಚಿದ್ದೆವು.

ನೆಲಮಾಳಿಗೆ ಒಂದೇ ಸಾಕು, ಮಳೆನೀರು ಇಂಗಲು ಗುಂಡಿ ಬೇಕು, ಅವರ ಅಡುಗೆಮನೆ ಮತ್ತು ಬಾವಿಕಟ್ಟೆಯ ಕಡೆ ಕಿಟಕಿಗಳನ್ನು ಎತ್ತರಕ್ಕಿಡಬೇಕು ಎಂದು ಬಿಲ್ಡರಿಗೆ ಹೇಳಿದೆ. ಹಾಗಿದ್ದರೆ ನಿಮ್ಮ ಪಾಲಿನ ಐದು ಫ್ಲಾಟ್ ನಾಲ್ಕಾಗುತ್ತದೆ ಎಂದರು. ಅಣ್ಣ ಫೋನಿನಲ್ಲಿ, "ನೀನು ಉಸ್ತಾದ್ ಆಗಿಯೇ ಇರು, ವಕೀಲ ಆಗಬೇಡ" ಎಂದರು. ಅವರಿಗೆ ಮೂವರು ಹೆಣ್ಣುಮಕ್ಕಳಿದ್ದಾರೆ. ಅವರ ಚಿಂತೆ ಸುಳ್ಳಲ್ಲ. ಸಹಿ ಇನ್ನೂ ಬಿದ್ದಿಲ್ಲ. ಕಡಿಮೆಯಾಗುವ ಫ್ಲಾಟ್ ನನ್ನ ಪಾಲಿನಿಂದಲೇ ಹೋಗಲಿ ಎಂದು ಹೇಳಿದ್ದೇನೆ. ಹಾಗೆ ಹೇಳುವಾಗ ನಾಲಗೆ ತಡವರಿಸಿತೆಂಬುದನ್ನು ತಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ.

ಆ ಮೇಲೆಯೇ ಆ ಹುಡುಗನನ್ನು ಕರೆದು ಕೂರಿಸಿಕೊಂಡೆ. "ಮಗನೇ, ಹನ್ನೊಂದನೆಯ ಮಾಳಿಗೆಯಲ್ಲಿರುವುದು ತಪ್ಪಲ್ಲ. ನಿನ್ನ ಉಪ್ಪನ ದುಡಿಮೆ ಹಲಾಲ್. ಆದರೆ ಎತ್ತರದಲ್ಲಿರುವವನಿಗೆ ಜವಾಬ್ದಾರಿ ಹೆಚ್ಚು. ಕಿಟಕಿಯಿಂದ ಇನ್ನೊಬ್ಬರ ಅಂಗಳಕ್ಕೆ ಇಣುಕಬೇಡ. ಮೇಲಿನಿಂದ ಕಸ ಎಸೆಯಬೇಡ. ನಿನ್ನ ಮಾಳಿಗೆಯಲ್ಲಿ ಯಾರಿದ್ದಾರೆಂದು ತಿಳಿದುಕೊಂಡು ಬಾ" ಎಂದೆ. ಮರುವಾರ ಬಂದು ಹೇಳಿದ: "ನಾಲ್ಕು ಫ್ಲಾಟಿನಲ್ಲಿ ಎರಡಕ್ಕೆ ಬೀಗ, ಉಸ್ತಾದ್. ಎದುರಿನದರಲ್ಲಿ ಒಬ್ಬರು ಅಜ್ಜ-ಅಜ್ಜಿ. ಲಿಫ್ಟ್ ಕೆಟ್ಟ ದಿನ ಅವರಿಗೆ ಹಾಲು ತಂದುಕೊಡುವವರೇ ಇಲ್ಲವಂತೆ. ಈಗ ನಾನು ತಂದುಕೊಡುತ್ತೇನೆ."

ಸಹೋದರ ಸಹೋದರಿಯರೇ, ತಮ್ಮಲ್ಲಿ ಕೆಲವರು ಜಾಗ ಕೊಡುವವರು, ಕೆಲವರು ಕಟ್ಟುವವರು, ಇನ್ನು ಕೆಲವರು ಕೊಳ್ಳುವವರು ಇರಬಹುದು. ಕರಾರು ಪತ್ರಕ್ಕೆ ಸಹಿ ಹಾಕುವ ಮೊದಲು ಒಮ್ಮೆ ಗೋಡೆಯಾಚೆ ಹೋಗಿ ಬನ್ನಿರಿ. ಅಲ್ಲಿಯ ಬಾವಿ, ಬೆಳಕು, ಮಾನ ಇವುಗಳ ಗತಿಯೇನೆಂದು ಕೇಳಿರಿ. ನಗರಪಾಲಿಕೆಯ ಪರವಾನಿಗೆ ಕೈಯಲ್ಲಿದ್ದರೂ ನೆರೆಯವರ ಹಕ್ಕಿನ ಲೆಕ್ಕ ಪರಲೋಕದಲ್ಲಿ ಬೇರೆಯೇ ಇದೆ. ನಾವು ಹನ್ನೊಂದನೆಯ ಮಾಳಿಗೆಯಲ್ಲಿ ಮಲಗಿದರೂ ಮೂವತ್ತನೆಯದರಲ್ಲಿ ಮಲಗಿದರೂ ಕೊನೆಯ ಮನೆ ಎಲ್ಲರಿಗೂ ನೆಲದ ಕೆಳಗೇ ಅಲ್ಲವೇ?

ನಮ್ಮ ಮನೆಗಳು ನೆರೆಯವರಿಗೆ ನೆರಳಾಗುವಂತೆ, ಹೊರೆಯಾಗದಂತೆ ಅಲ್ಲಾಹನು ಅನುಗ್ರಹಿಸಲಿ. ಆಮೀನ್.