ಚಕ್ರದ ಭಾರ

ಹೋದ ಚಳಿಗಾಲದಲ್ಲಿ ನಾನು ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಮಗನ ಮನೆಯಲ್ಲಿದ್ದೆ. ಅವನ ಬಳಿ 2002ರ ಸುಬಾರು ಡಬ್ಲ್ಯು ಆರ್ ಎಕ್ಸ್ ಉಂಟು. ಹೊರಗಿನಿಂದ ಸಂಸಾರಸ್ಥರ ಕಾರು. ಒಳಗೆ 227 ಅಶ್ವಶಕ್ತಿಯ ಟರ್ಬೊ ಎಂಜಿನ್. ಅದರ ಕ್ಲಚ್ಚು ಸವೆದಿತ್ತು. ಅದನ್ನು ಬದಲಿಸಲು ಗೇರುಪೆಟ್ಟಿಗೆಯನ್ನೇ ಇಳಿಸಬೇಕು. ಇಳಿಸಿದಾಗ ಎಂಜಿನ್ನಿನ ಬೆನ್ನಿಗೆ ಬಿಗಿದ ಭಾರದ ಚಕ್ರ, ಫ್ಲೈವೀಲ್, ಕೈಗೆ ಸಿಗುತ್ತದೆ. ಹಗುರವಾದದ್ದನ್ನು ಹಾಕಿಸುವುದಾದರೆ ಆಗಲೇ ಹಾಕಿಸಬೇಕು. ಅಂಥ ಅವಕಾಶ ಮತ್ತೆ ಬರುವುದು ಎಷ್ಟೋ ವರ್ಷಗಳಿಗೆ. ಏನು ಮಾಡಲಿ ಎಂದು ಮಗ ನನ್ನನ್ನು ಕೇಳಿದ. ಗಣಿತದ ಮೇಷ್ಟರಾಗಿದ್ದವನನ್ನು ಕೇಳಬಾರದಾಗಿತ್ತು.

ನಮ್ಮೂರ ಕುಂಬಾರನ ತಿಗರಿ ಭಾರವಾಗಿರುತ್ತಿತ್ತು. ಕೋಲಿನಿಂದ ಒಮ್ಮೆ ಬೀಸಿ ತಿರುಗಿಸಿಬಿಟ್ಟರೆ ಎರಡು ಕೈಯೂ ಮಣ್ಣಿಗೆ ಬಿಡುವಾಗುತ್ತಿದ್ದವು. ಫ್ಲೈವೀಲಿನ ಗುಟ್ಟೂ ಅದೇ. ಆದರೆ ಕೂಡಿಟ್ಟದ್ದಕ್ಕೆ ಬೆಲೆಯುಂಟು. ಅಕ್ಷದಿಂದ ಹತ್ತು ಸೆಂಟಿಮೀಟರು ದೂರದ ಲೋಹವನ್ನು ನಾಲ್ಕು ಕಿಲೋ ಕಳೆದರೆ, ಮೊದಲ ಗೇರಿನಲ್ಲಿ ಕಾರಿನಿಂದ 80 ಕಿಲೋ ತೂಕದ ಒಬ್ಬ ಆಸಾಮಿ ಇಳಿದುಹೋದಂತೆ. ಐದನೆಯ ಗೇರಿನಲ್ಲಿ ಮೂರ್ನಾಲ್ಕು ಕಿಲೋ ಅಕ್ಕಿ ಇಳಿಸಿದಂತೆ, ಅಷ್ಟೆ. ಗೇರಿನ ಅನುಪಾತ ವರ್ಗವಾಗಿ ಬರುವುದರಿಂದ ಈ ಅಂತರ.

ಟರ್ಬೊ ಬಂದಾಗ ಲೆಕ್ಕ ತೊಡಕಾಗುತ್ತದೆ. ಟರ್ಬೊ ತಿರುಗುವುದು ಎಂಜಿನ್ ಹೊರಗೆ ತಳ್ಳುವ ಬಿಸಿ ಹೊಗೆಯಿಂದ. ಎಂಜಿನ್ ನಿಧಾನವಾಗಿದ್ದರೆ ಹೊಗೆ ಸಾಲದು. ಕಾಲು ಒತ್ತಿ ಒಂದು ಕ್ಷಣ ಕಾಯಬೇಕು. ಆ ಕ್ಷಣದಲ್ಲಿ ಅದು ಬಡ ಎರಡು ಲೀಟರಿನ ಎಂಜಿನ್. ನಿಂತ ಕಾರನ್ನು ಅಲುಗಿಸಲು ಆಗ ಒದಗುವುದು ಚಕ್ರ ಮೊದಲೇ ಕೂಡಿಟ್ಟ ವೇಗ. ಗೇರು ಬದಲಿಸುವಾಗಲೂ ಭಾರದ ಚಕ್ರ ಮೆಲ್ಲಗೆ ಇಳಿಯುತ್ತದೆ, ಹಗುರದ್ದು ಥಟ್ಟನೆ ಕುಸಿಯುತ್ತದೆ. ಚುರುಕು ಕೈಯವನಿಗೆ ಅದೇ ಅನುಕೂಲ. ನಿಧಾನದವನು ಮತ್ತೆ ಕಾಯಬೇಕು.

ಚಕ್ರವನ್ನು ನಾವು ಮೆಚ್ಚುವುದು ಓಟದಲ್ಲಿ. ಅದು ಬೇಕಾಗುವುದು ಓಟಕ್ಕೆ ಮುಂಚಿನ ಆ ಬರಗಾಲದಲ್ಲಿ. ನಿವೃತ್ತನಾದಾಗ ನಾನು ಬೆಳಗಿನ ತಿರುಗಾಟ, ದಿನಚರಿ ಎಲ್ಲವನ್ನೂ ಭಾರವೆಂದು ಬಿಟ್ಟೆ. ನಾಲ್ಕು ತಿಂಗಳು ಹಾಯಾಗಿಯೇ ಇದ್ದೆ. ಆಮೇಲೆ ನನ್ನಾಕೆ ತೀರಿಕೊಂಡಳು. ಕರ್ಮಾಂತರವೆಲ್ಲ ಮುಗಿದ ಮರುದಿನ ಎದ್ದವನಿಗೆ ಮುಂದೇನು ಮಾಡಬೇಕೆಂದೇ ತಿಳಿಯಲಿಲ್ಲ.

ಹಾಗೆಂದು ಭಾರದ ಪಕ್ಷ ಹಿಡಿಯಲೂ ಅಳುಕು. ಅಭ್ಯಾಸವನ್ನು ಸಮಾಜದ ಫ್ಲೈವೀಲಿಗೆ ಹೋಲಿಸಿದವನು ವಿಲಿಯಂ ಜೇಮ್ಸ್, 1890ರಲ್ಲಿ. ಬಡವರು ಉಳ್ಳವರ ಮೇಲೆ ಏಳದಂತೆ ತಡೆಯುವುದೂ ಈ ಚಕ್ರವೇ ಎಂದು ಅವನು ಬರೆದ. ಮೆಚ್ಚಿಯೇ ಬರೆದನೆಂದು ತೋರುತ್ತದೆ. ನನಗೆ ಅಲ್ಲಿ ಮೆಚ್ಚಿಗೆ ಹುಟ್ಟಲಿಲ್ಲ. ಭಾರಕ್ಕೆ ಸರಿ ತಪ್ಪು ತಿಳಿಯದು. ಯಾವ ಕಡೆಗೆ ತಿರುಗಿಸಿದರೋ ಆ ಕಡೆಗೆ ತಿರುಗುತ್ತಿರುತ್ತದೆ.

"ಇದ್ದದ್ದೇ ಇರಲಿ" ಎನ್ನಲು ಬಾಯಿ ತೆರೆದೆ. ಹೀಗೆ ಹೇಳಿಸುತ್ತಿರುವುದು ಲೆಕ್ಕವೋ, ನನ್ನ ವಯಸ್ಸೋ ಎಂಬ ಸಂದೇಹ ಬಂದು ಸುಮ್ಮನಾದೆ. ಆಗ ಇನ್ನೊಂದು ಹೊಳೆಯಿತು. ಮಗ ಆ ಕಾರನ್ನು ಮುಟ್ಟುವುದು ಭಾನುವಾರ. ವಾರದಲ್ಲಿ ಮೂರು ದಿನ ನಸುಕಿನಲ್ಲೇ, ಹಿಮದಲ್ಲಿ, ಆ ಊರಿನ ಕಡಿದಾದ ಏರುಗಳಲ್ಲಿ ಆಸ್ಪತ್ರೆಯ ಕೆಲಸಕ್ಕೆ ಅದನ್ನು ಒಯ್ಯುವವಳು ಸೊಸೆ. ಅಪ್ಪ ಮಗ ಒಂದು ವಾರ ವಾದಿಸಿದ್ದೆವು, ಅವಳನ್ನು ಕೇಳಿರಲಿಲ್ಲ.

ಕೇಳಿದೆವು. "ಏರಿನಲ್ಲಿ ನಿಂತು ಹೊರಡುವಾಗ ಎಂಜಿನ್ ಆರಿಹೋಗುವುದೆ?" ಎಂದಳು.

ಮಗ ಸುಳ್ಳು ಹೇಳುವವನಲ್ಲ. "ಮೊದಮೊದಲು ಹೋಗಬಹುದು" ಎಂದ.

"ಹಾಕಿಸಿ, ಕಲಿತುಕೊಳ್ಳುತ್ತೇನೆ" ಎಂದು ಅವಳು ಪಾತ್ರೆ ತೊಳೆಯಲು ಹೋದಳು. ಇಷ್ಟವಿದ್ದು ಹೇಳಿದಳೋ, ನಮ್ಮ ಆಸೆ ನೋಡಿ ಹೇಳಿದಳೋ ತಿಳಿಯಲಿಲ್ಲ. ಒಪ್ಪಿಗೆ ಸಿಕ್ಕಿದ್ದೇ ತಡ, ಮಗನ ಹುರುಪು ಇಳಿಯಿತು. ಎರಡು ದಿನ ಆ ಮಾತೆತ್ತಲಿಲ್ಲ. ಮೂರನೆಯ ದಿನ ಹಳೆಯ ಚಕ್ರದ ಮೈಯನ್ನೇ ಸಾಣೆ ಹಿಡಿಸಿ ಹಾಕುವಂತೆ ಕಾರ್ಖಾನೆಗೆ ಫೋನು ಮಾಡಿದ. ಇದರಿಂದ ಸೊಸೆಗೆ ಕೊಂಚ ಬೇಸರವೇ ಆಯಿತೆಂದು ನನ್ನ ಗುಮಾನಿ.