ನೋವಿನ ಶಮನವೂ ಸಹನೆಯ ಧರ್ಮವೂ

ಸೊಂಟದ ಬೇನೆ ವರ್ಷಗಟ್ಟಲೆ ಕಾಡಿದಾಗ ಕೆಲವರಿಗೆ ವೈದ್ಯರು ನರವನ್ನು ಕಾಯಿಸಿ ನಿಷ್ಕ್ರಿಯಗೊಳಿಸುವ ಚಿಕಿತ್ಸೆಯನ್ನು ಸೂಚಿಸುತ್ತಾರೆ. ಬೆನ್ನೆಲುಬಿನ ಸಣ್ಣ ಕೀಲುಗಳಿಂದ ನೋವನ್ನು ಒಯ್ಯುವ ನರಕ್ಕೆ ಮೊದಲು ಅರಿವಳಿಕೆಯ ಮದ್ದು ಚುಚ್ಚಿ ಪರೀಕ್ಷಿಸುತ್ತಾರೆ. ನೋವು ತಗ್ಗಿದರೆ ಕ್ಷ-ಕಿರಣದ ನೆರವಿನಿಂದ ಸೂಜಿಯನ್ನಿಟ್ಟು, ಸುಮಾರು 80 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಒಂದೆರಡು ನಿಮಿಷ ಕೊಡುತ್ತಾರೆ.

ಇದನ್ನು ಪಡೆದವರ ಅನುಭವ ಒಂದೇ ತೆರನಾದುದಲ್ಲ. ಮೊದಲ ದಿನಗಳಲ್ಲಿ ಕೆಲವರಿಗೆ ನೋವು ಹೆಚ್ಚುವುದುಂಟು. ಬಳಿಕ ಕೆಲವರು ತಿಂಗಳುಗಟ್ಟಲೆ ನೆಮ್ಮದಿಯಿಂದ ನಿದ್ರಿಸುತ್ತಾರೆ, ನೆಲದ ಮೇಲೆ ಕುಳಿತು ಏಳುತ್ತಾರೆ. ಕೆಲವರಿಗೆ ಯಾವ ವ್ಯತ್ಯಾಸವೂ ಕಾಣದು. ನರ ಮರಳಿ ಬೆಳೆದಾಗ ನೋವೂ ಮರಳಬಹುದು. ವ್ಯಾಯಾಮದೊಡನೆ ಈ ಚಿಕಿತ್ಸೆಯನ್ನು ಸೇರಿಸಿದ್ದರಿಂದ ಗಣನೀಯವಾದ ಹೆಚ್ಚಿನ ಲಾಭವಾಗಲಿಲ್ಲವೆಂದು 2017ರಲ್ಲಿ ನೆದರ್ಲೆಂಡ್ಸ್ ದೇಶದ ಅಧ್ಯಯನ ತಿಳಿಸಿತು. ತಜ್ಞರಲ್ಲಿ ಈ ಕುರಿತು ಭಿನ್ನಮತವಿದೆ.

ಅಸಾತಾವೇದನೀಯ ಕರ್ಮದ ಫಲವೆನಿಸಿದ ನೋವನ್ನು ಹೀಗೆ ತಗ್ಗಿಸಿಕೊಳ್ಳುವುದು ಸಹನೆಗೆ ಕುಂದೇ? ತತ್ತ್ವಾರ್ಥಸೂತ್ರವು 22 ಪರೀಷಹಗಳಲ್ಲಿ ರೋಗವನ್ನೂ ಎಣಿಸುತ್ತದೆ. ಅದೇ ಗ್ರಂಥವು ವೇದನೆಯನ್ನೇ ಮತ್ತೆ ಮತ್ತೆ ನೆನೆಯುವುದನ್ನು ಆರ್ತಧ್ಯಾನವೆನ್ನುತ್ತದೆ. ಬೇನೆಯಿಂದ ಸಾಮಾಯಿಕಕ್ಕೂ ಕೂರಲಾಗದ ಗೃಹಸ್ಥನಿಗೆ ಉಪಶಮನವು ಧರ್ಮಸಾಧನೆಗೆ ನೆರವೇ ಸರಿ. ಔಷಧದಾನವನ್ನು ಕೊಡುವುದು ಪುಣ್ಯವಾದರೆ ಔಷಧವನ್ನು ಪಡೆಯುವುದು ದೋಷವಾಗದು.

ಆದರೆ ಶಮನವು ನಿವಾರಣೆಯಲ್ಲ. ಇದರ ಮಿತಿಯನ್ನು ಮುಚ್ಚಿಡದೆ ತಿಳಿಸುವುದು ವೈದ್ಯನ ಸತ್ಯವ್ರತ. ಫಲ ದೊರೆಯದವನು ಉಳಿದ ನೋವನ್ನು ಸಮಭಾವದಿಂದ ಹೊರಲು ಯತ್ನಿಸಬಹುದು. ಆ ಸಹನೆ ಅವನೇ ಕೈಗೊಳ್ಳುವ ವ್ರತವೇ ಹೊರತು ಪರರು ಹೇರುವ ಕಟ್ಟಳೆಯಲ್ಲ. ಕಣ್ಣಿಗೆ ಕಾಣದ ಅವನ ನೋವನ್ನು 'ನಟನೆ'ಯೆಂದು ಹಳಿಯುವ ಮನೆಮಂದಿಯ ಮಾತು ಹಿಂಸೆಯೇ. ಅದನ್ನು ನಂಬಿ ಆಸರೆಯಾಗುವುದು ಅಹಿಂಸೆ.