ತಪ್ಪೊಪ್ಪಿಗೆ ಮತ್ತು ಶಿಕ್ಷೆಯ ತೂಕ

‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆಯನ್ನು ಅರಿಯದವರಿಲ್ಲ. ಅಪರಾಧ ಸಿದ್ಧವಾದ ಮೇಲೂ ಶಿಕ್ಷೆ ಕಠಿಣವಾಯಿತೆಂದು ಮೇಲಿನ ನ್ಯಾಯಾಲಯಕ್ಕೆ ಮೊರೆಹೋಗುವವರನ್ನು ಅನೇಕ ಸಜ್ಜನರು ಹಗುರವಾಗಿ ಕಾಣುವುದು ಈ ಗಾದೆಯ ಬಲದಿಂದಲೇ. ನಿಜವಾಗಿ ಪಶ್ಚಾತ್ತಾಪಪಟ್ಟವನು ವಿಧಿಸಿದ ಶಿಕ್ಷೆಯನ್ನು ಮರುಮಾತಿಲ್ಲದೆ ಅನುಭವಿಸಬೇಕಲ್ಲವೇ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಸಹಜವಾದುದು, ಆದರೆ ಅದರಲ್ಲಿ ಎರಡು ಬೇರೆ ಸಂಗತಿಗಳು ಬೆರೆತಿವೆ. ‘ನಾನು ಸಾಲಗಾರನೇ ಅಲ್ಲ’ ಎನ್ನುವುದು ಒಂದು. ‘ಸಾಲ ನನ್ನದೇ, ಲೆಕ್ಕವನ್ನು ಇನ್ನೊಮ್ಮೆ ಕೂಡಿ ನೋಡಿ’ ಎನ್ನುವುದು ಇನ್ನೊಂದು. ಅಂಗಡಿಯಲ್ಲಿ ಕುಳಿತು ಬಾಳಿದ ನಮಗೆ ಈ ಅಂತರ ತಿಳಿಯದ್ದೇನಲ್ಲ.

ನಮ್ಮ ದೇಶದ ಕಾನೂನೂ ಈ ಅಂತರವನ್ನು ಮನ್ನಿಸಿದೆ. ವಿಚಾರಣೆಯಲ್ಲಿ ತಾನಾಗಿ ತಪ್ಪೊಪ್ಪಿಕೊಂಡು ಶಿಕ್ಷೆಗೊಳಗಾದವನು ಸಾಮಾನ್ಯವಾಗಿ ಅಪರಾಧ ನಿರ್ಣಯದ ವಿರುದ್ಧ ಮೇಲ್ಮನವಿ ಸಲ್ಲಿಸುವಂತಿಲ್ಲ. ಶಿಕ್ಷೆಯ ಪ್ರಮಾಣವನ್ನೋ ಅದರ ಕಾನೂನುಬದ್ಧತೆಯನ್ನೋ ಮಾತ್ರ ಪ್ರಶ್ನಿಸಬಹುದು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಈ ನಿಯಮ, 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಉಳಿದಿದೆ. ಒಪ್ಪಿಗೆಯು ತಪ್ಪಿಗೆ ಸಂಬಂಧಿಸಿದ್ದು, ಅಳತೆಗಲ್ಲ ಎಂಬುದೇ ಇದರ ತಾತ್ಪರ್ಯ.

1974ರ ಒಂದು ಮೊಕದ್ದಮೆಯನ್ನು ನೋಡೋಣ. ಆಂಧ್ರಪ್ರದೇಶದ ತರುಣಿಯೊಬ್ಬಳು ಪ್ರಣಯದ ಈರ್ಷ್ಯೆಯಿಂದ ಇನ್ನೊಬ್ಬ ಹೆಂಗಸನ್ನೂ ಆಕೆಯ ಎಳೆಯ ಮಗುವನ್ನೂ ಕೊಂದಿದ್ದಳು. ಮರಣದಂಡನೆಯಾಗಿತ್ತು. ಸರ್ವೋಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಬರೆದ ತೀರ್ಪು ಆ ಕೃತ್ಯದ ಘೋರತೆಯನ್ನು ಮರೆಮಾಚಲಿಲ್ಲ. ಆದರೆ ಅಪರಾಧಿಯ ಎಳೆಹರೆಯ, ಗಂಡನ ಮನೆಯಿಂದ ಹೊಡೆದು ಹೊರದೂಡಲ್ಪಟ್ಟು ಒಂದೇ ಮಗುವಿನೊಡನೆ ತವರು ಸೇರಿದ್ದ ಅವಳ ಬಾಳು, ಎರಡು ವರ್ಷಕ್ಕೂ ಮಿಕ್ಕಿ ನೇಣಿನ ಭೀತಿಯಲ್ಲಿ ಕಳೆದ ದಿನಗಳು, ಇವೆಲ್ಲವನ್ನೂ ತೂಗಿ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು.

ಇದನ್ನು ಮೊದಲು ಓದಿದಾಗ ನನ್ನ ಮನಸ್ಸು ಒಪ್ಪಲಿಲ್ಲ. ಕೊಲೆಯಾದ ಕೂಸಿನ ಪರವಾಗಿ ಮೊರೆಯಿಡುವವರು ಯಾರು ಎನ್ನಿಸಿತು. ಆ ಪ್ರಶ್ನೆಯ ಭಾರ ಇಂದಿಗೂ ಇಳಿದಿಲ್ಲ. ಆದರೆ ಅವಳನ್ನು ಗಲ್ಲಿಗೇರಿಸಿದ್ದರೆ ಸತ್ತ ಕೂಸಿಗೆ ಮರಳಿ ಸಿಗುವುದೇನೂ ಇರಲಿಲ್ಲ. ಬದುಕಿದ್ದ ಇನ್ನೊಂದು ಮಗು ತಾಯಿಯನ್ನು ಕಳೆದುಕೊಳ್ಳುತ್ತಿತ್ತು.

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದೆಂಬುದನ್ನು ಶ್ರಾವಕರು ಬಲ್ಲರು. ಎತ್ತಿನ ಮೇಲೆ ಹೊರೆ ಹೇರುವುದಲ್ಲ, ಮಿತಿಮೀರಿ ಹೇರುವುದು ಅಲ್ಲಿ ಹೇಳಿರುವ ದೋಷ. ಎತ್ತಿಗೆ ಸಲ್ಲುವ ಈ ನ್ಯಾಯ ಸೆರೆಯಾಳಿಗೆ ಸಲ್ಲದೇ? ಶಿಕ್ಷೆ ತೂಕ ಮೀರಿದರೆ, ಮೀರಿದಷ್ಟು ಭಾಗ ನ್ಯಾಯವಲ್ಲ, ಹಿಂಸೆ. ಅದು ನಡೆಯುವುದು ಸಮಾಜದ ಹೆಸರಿನಲ್ಲಿ, ಅಂದರೆ ನಮ್ಮೆಲ್ಲರ ಹೆಸರಿನಲ್ಲಿ.

ಮೊರೆಯಿಡುವವನಿಗೂ ಒಂದು ಕಟ್ಟಳೆಯುಂಟು. ಶಿಕ್ಷೆ ತಗ್ಗಲೆಂದು ತಪ್ಪನ್ನೇ ತಗ್ಗಿಸಿ ಹೇಳಿದರೆ, ನೊಂದವರ ಮೇಲೆಯೇ ದೋಷ ಹೊರಿಸಿದರೆ, ಅದು ಎರಡನೆಯ ಅಪರಾಧ. ‘ಮಾಡಿದ್ದು ನಾನೇ’ ಎಂಬ ಮಾತು ಮೊರೆಯ ಮೊದಲಲ್ಲಿಯೂ ಕೊನೆಯಲ್ಲಿಯೂ ಅಲುಗದೆ ನಿಲ್ಲಬೇಕು.

ಅಪರಾಧಿಯ ಮನೆಯವರು ನೆರವು ಬೇಡಿ ಬಂದಾಗ ಬಾಗಿಲು ಮುಚ್ಚುವ ಮುನ್ನ ಅವರು ಬೇಡುವುದೇನೆಂದು ವಿಚಾರಿಸೋಣ: ತಕ್ಕಡಿಯಿಂದ ತಪ್ಪಿಸಿಕೊಳ್ಳುವ ದಾರಿಯನ್ನೋ, ಸರಿಯಾದ ತಕ್ಕಡಿಯನ್ನೋ? ಎರಡನೆಯದಾದರೆ ವಕೀಲರ ವೆಚ್ಚಕ್ಕೆ ನೆರವಾಗುವುದು ಅಪರಾಧಕ್ಕೆ ನೀಡಿದ ಬೆಂಬಲವಾಗದು.